ಲಕ್ಷ ಜನರ ಬಟ್ಟಲಿನಲ್ಲಿ ಒಂದು ಶನಿವಾರ

ಅಮೆರಿಕದ ಡೆಟ್ರಾಯಿಟ್ ನಗರದಿಂದ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ಹೋದರೆ ಹ್ಯೂರಾನ್ ನದಿಯ ದಂಡೆಯಲ್ಲಿ ಆನ್ ಆರ್ಬರ್ ಎಂಬ ಊರು ಸಿಗುತ್ತದೆ. 1824ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಇಬ್ಬರು ಗೆಳೆಯರ ಹೆಂಡಂದಿರ ಹೆಸರೂ ಆನ್ ಎಂದೇ ಇತ್ತಂತೆ. ಸುತ್ತಲೂ ಓಕ್ ಮರಗಳ ತೋಪು. ಎರಡೂ ಕೂಡಿ ಊರಿಗೆ ಈ ಹೆಸರು ಬಂತೆಂದು ಹೇಳುತ್ತಾರೆ. ಡೆಟ್ರಾಯಿಟ್‌ನಲ್ಲಿ 1817ರಲ್ಲಿ ಹುಟ್ಟಿದ ಮಿಷಿಗನ್ ವಿಶ್ವವಿದ್ಯಾಲಯ 1837ರಲ್ಲಿ ಈ ಊರಿಗೆ ಬಂದ ಮೇಲೆ ಊರೇ ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯವೇ ಊರು ಎಂಬಂತಾಯಿತು. 2000ದ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಒಂದು ಲಕ್ಷ ಹದಿನಾಲ್ಕು ಸಾವಿರ. ಊರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೂರಬಹುದಾದವರು ಒಂದು ಲಕ್ಷ ಏಳು ಸಾವಿರ! ಹಸುಗೂಸುಗಳನ್ನೂ ಹಾಸಿಗೆ ಹಿಡಿದವರನ್ನೂ ಬಿಟ್ಟರೆ ಇಡೀ ಊರೇ ಒಳಗೆ ಹೋಗಿ ಕೂರಬಹುದು.

ಇಷ್ಟು ದೊಡ್ಡ ಕಟ್ಟಡ ದೂರದಿಂದಲೇ ಕಾಣಬೇಕಲ್ಲವೇ? ಕಾಣುತ್ತಿರಲಿಲ್ಲ. 2010ರಲ್ಲಿ ಎರಡು ಪಕ್ಕಗಳಲ್ಲಿ ಎತ್ತರದ ಕಟ್ಟಡಗಳು ಏಳುವವರೆಗೆ, ಬೀದಿಯಲ್ಲಿ ಹೋಗುವವರಿಗೆ ಅದೊಂದು ತಗ್ಗು ಗೋಡೆಯಂತೆ ತೋರುತ್ತಿತ್ತು. ಏಕೆಂದರೆ ಅದರ ಬಹುಭಾಗ ನೆಲದೊಳಗಿದೆ. ಬೀದಿಯ ಮಟ್ಟದಲ್ಲಿ ಒಳಗೆ ಕಾಲಿಟ್ಟವರು ಮೆಟ್ಟಿಲು ಹತ್ತುವುದಿಲ್ಲ, ಕೆರೆಗೆ ಇಳಿದಂತೆ ಇಳಿಯುತ್ತಾರೆ. ಸುತ್ತಲೂ ಸಾಲು ಸಾಲು ಬೆಂಚುಗಳು, ತಳದಲ್ಲಿ ಹಸಿರು ಮೈದಾನ. ಮಣ್ಣಿನಲ್ಲಿ ಒತ್ತಿಟ್ಟ ಬಟ್ಟಲಿನಂತಹ ರಚನೆ. ಆಟಗಾರರು ಬರಲು ಪೂರ್ವದ ಕಡೆ ಒಂದೇ ಸುರಂಗ. ಎರಡು ತಂಡಗಳೂ ಅದರಲ್ಲೇ ಬರಬೇಕು.

1927ರಲ್ಲಿ ಇದನ್ನು ಕಟ್ಟಿಸಿದವರು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ಫೀಲ್ಡಿಂಗ್ ಯೋಸ್ಟ್. ಆಗ 72,000 ಆಸನಗಳು. ಆದರೆ ಮುಂದೊಂದು ದಿನ ಲಕ್ಷ ದಾಟುವುದೆಂದು ಲೆಕ್ಕ ಹಾಕಿ ಅವರು ತಳಪಾಯವನ್ನು ಮೊದಲೇ ಗಟ್ಟಿ ಮಾಡಿಸಿದ್ದರು. ಅಗೆಯುವಾಗ ಕಷ್ಟ ಎದುರಾಯಿತು. ಆ ಜಾಗದಲ್ಲಿ ಅಂತರ್ಜಲ ಬಹಳ ಮೇಲಿತ್ತು. ಮರಳಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಹೆಚ್ಚಿದರೆ ಕಣಗಳು ಒಂದಕ್ಕೊಂದು ಆಸರೆ ಕೊಡುವುದನ್ನು ಬಿಡುತ್ತವೆ. ನೆಲ ನೆಲವಾಗಿ ಉಳಿಯದೆ ಗಂಜಿಯಂತಾಗುತ್ತದೆ. ಹಾಗೆ ಹೂತುಹೋದ ಒಂದು ಕ್ರೇನ್ ಈಗಲೂ ಮೈದಾನದ ಅಡಿಯಲ್ಲೇ ಇದೆ ಎಂಬ ಕಥೆಯನ್ನು ಊರಿನವರು ಹೇಳುತ್ತಾರೆ. ಕಥೆಗಳು ಇನ್ನೂ ಇವೆ. 1956ರಲ್ಲಿ ಆಸನಗಳ ಸಂಖ್ಯೆ 1,01,001ಕ್ಕೆ ಏರಿತು. ಕೊನೆಯ ಆ ಒಂದು ಆಸನ ಆಗಿನ ಕ್ರೀಡಾ ನಿರ್ದೇಶಕ ಫ್ರಿಟ್ಜ್ ಕ್ರೈಸ್ಲರ್ ಅವರ ಗೌರವಾರ್ಥವಂತೆ. ಅದು ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಅಂದಿನಿಂದ ಅಧಿಕೃತ ಸಂಖ್ಯೆ ಯಾವಾಗಲೂ ಒಂದರಲ್ಲೇ ಮುಗಿಯುತ್ತದೆ. 2007ರಲ್ಲಿ ಅದು 1,07,501 ಆಗಿತ್ತು, ಈಗ 1,07,601.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಮಕ್ಕಳು ಕಾಲಿನಿಂದ ಒದೆಯುವ ದುಂಡು ಚೆಂಡಿನ ಆಟವಲ್ಲ. ಚೆಂಡು ಎರಡೂ ತುದಿ ಚೂಪಾದ ಮೊಟ್ಟೆಯಾಕಾರದ್ದು. ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಕವಚ ತೊಟ್ಟ ಹನ್ನೊಂದು ಹನ್ನೊಂದು ಜನ ಎದುರು ಬದುರು ನಿಲ್ಲುತ್ತಾರೆ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು, ಸಾಗದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ಒಯ್ದರೆ 'ಟಚ್‌ಡೌನ್', 6 ಅಂಕ. ಅದರ ಬೆನ್ನಿಗೇ ಕಾಲಿನಿಂದ ಒದ್ದು ಕಂಬಗಳ ನಡುವೆ ಹಾಯಿಸಿದರೆ 1 ಅಂಕ, ಒದೆಯುವ ಬದಲು ಮತ್ತೊಮ್ಮೆ ಗೆರೆ ದಾಟಿಸಿದರೆ 2. ಗೆರೆಯ ತನಕ ಹೋಗಲಾಗದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ 'ಫೀಲ್ಡ್ ಗೋಲ್', 3 ಅಂಕ. ಮುಂದಿನ ಕಥೆಗೆ ಇಷ್ಟು ತಿಳಿದಿದ್ದರೆ ಸಾಕು.

ಹಬ್ಬದ ಬೆಳಗು

ಕಾಲೇಜು ಫುಟ್‌ಬಾಲ್ ಋತು ಆರಂಭವಾಗುವುದು ಆಗಸ್ಟ್ ಕೊನೆಯಲ್ಲಿ ಅಥವಾ ಸೆಪ್ಟೆಂಬರ್ ಮೊದಲಲ್ಲಿ. ಶನಿವಾರ ಬೆಳಗಾದರೆ ಸಾಕು, ಆನ್ ಆರ್ಬರ್‌ಗೆ ಕಾರುಗಳು ಸಾಲುಗಟ್ಟುತ್ತವೆ. ಕ್ರೀಡಾಂಗಣದ ಎದುರಿಗಿರುವ ವಿಶ್ವವಿದ್ಯಾಲಯದ ಗಾಲ್ಫ್ ಮೈದಾನವೇ ಅಂದು ಕಾರು ನಿಲ್ಲಿಸುವ ಬಯಲು. ಪಕ್ಕದ ಪಯನೀರ್ ಹೈಸ್ಕೂಲು ಕೂಡ ತನ್ನ ಅಂಗಳದಲ್ಲಿ ಶುಲ್ಕ ಪಡೆದು ಕಾರು ನಿಲ್ಲಿಸಗೊಡುತ್ತದೆ. ಕಾರಿನ ಹಿಂಬಾಗಿಲು ತೆರೆದು, ಒಲೆ ಹಚ್ಚಿ, ಮಾಂಸ ಸುಡುತ್ತಾ, ಹಳದಿ ಮತ್ತು ಕಡುನೀಲಿ ಬಣ್ಣದ ಅಂಗಿ ತೊಟ್ಟ ಅಜ್ಜಂದಿರು ಮೊಮ್ಮಕ್ಕಳಿಗೆ ಹಳೆಯ ಪಂದ್ಯಗಳ ಕಥೆ ಹೇಳುತ್ತಾರೆ. ನಮ್ಮಲ್ಲಿ ತೇರಿನ ದಿನ ಎತ್ತಿನ ಗಾಡಿ ಬಿಚ್ಚಿ ತೋಪಿನಲ್ಲಿ ಅಡುಗೆಗೆ ಕೂರುತ್ತಿದ್ದವರ ನೆನಪು ಬಾರದಿರದು. ಕಾಲೇಜಿನ ವಾದ್ಯವೃಂದ ಬೀದಿಯಲ್ಲಿ ಬಂದರೆ ಜನ ಎದ್ದು ದಾರಿ ಬಿಡುತ್ತಾರೆ. ಆ ವೃಂದ ನುಡಿಸುವ ವಿಜಯಗೀತೆಯನ್ನು 1898ರಲ್ಲಿ ರಚಿಸಿದವನು ಲೂಯಿ ಎಲ್ಬೆಲ್ ಎಂಬ ಅಲ್ಲಿನದೇ ವಿದ್ಯಾರ್ಥಿ.

2007ರ ಸೆಪ್ಟೆಂಬರ್ 1ರ ಶನಿವಾರವೂ ಹೀಗೆಯೇ ಬೆಳಗಾಯಿತು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ದಾಖಲೆ ಹೊಂದಿದ್ದ ಮಿಷಿಗನ್ ತಂಡ ಆ ವರ್ಷ ದೇಶದಲ್ಲಿ ಐದನೆಯ ಸ್ಥಾನದಲ್ಲಿತ್ತು. ಮೊದಲ ಪಂದ್ಯಕ್ಕೆ ಬಂದಿದ್ದ ಅತಿಥಿ ತಂಡದ ಹೆಸರನ್ನು ಕ್ರೀಡಾಂಗಣದಲ್ಲಿದ್ದ ಎಷ್ಟೋ ಜನ ಸರಿಯಾಗಿ ಉಚ್ಚರಿಸಲಾರದವರಾಗಿದ್ದರು: ಅಪಲಾಚಿಯನ್ ಸ್ಟೇಟ್. ಭೂಗೋಳದ ಪುಸ್ತಕಗಳಲ್ಲಿ ನಾವು 'ಅಪಲೇಶಿಯನ್' ಎಂದು ಓದುವ ಪರ್ವತಶ್ರೇಣಿಯದೇ ಹೆಸರು. ಆದರೆ ಅಲ್ಲಿಯವರ ಮುಂದೆ ಹಾಗೆ ಹೇಳಿದರೆ ಕೂಡಲೇ ತಿದ್ದುತ್ತಾರೆ.

ಬೆಟ್ಟದ ಮೇಲಿನ ಮೇಷ್ಟ್ರ ಕಾಲೇಜು

ಆ ಕಾಲೇಜು ಇರುವುದು ಉತ್ತರ ಕ್ಯಾರೊಲಿನಾ ರಾಜ್ಯದ ವಾಯವ್ಯ ಮೂಲೆಯ ಬೂನ್ ಎಂಬ ಪುಟ್ಟ ಊರಿನಲ್ಲಿ. ಸಮುದ್ರಮಟ್ಟದಿಂದ 1,016 ಮೀಟರ್ ಎತ್ತರ, ಹೆಚ್ಚು ಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟೇ. ಸುತ್ತಲೂ ಬೆಟ್ಟ, ಚಳಿಗಾಲದಲ್ಲಿ ಹಿಮ. ರಸ್ತೆಗಳು ಬರುವ ಮುನ್ನ ಈ ಸೀಮೆಯನ್ನು ಉಳಿದ ರಾಜ್ಯದವರು 'ಕಳೆದುಹೋದ ಪ್ರಾಂತ' ಎಂದೇ ಕರೆಯುತ್ತಿದ್ದರು. ಬೆಟ್ಟದ ಹಳ್ಳಿಗಳ ಶಾಲೆಗಳಿಗೆ ಮೇಷ್ಟ್ರುಗಳೇ ಸಿಗುತ್ತಿರಲಿಲ್ಲ. 1899ರಲ್ಲಿ ಡೋರ್ಟಿ ಎಂಬ ಮನೆತನದ ಅಣ್ಣ ತಮ್ಮಂದಿರು ವಟೌಗ ಅಕಾಡೆಮಿ ಎಂಬ ಶಾಲೆ ತೆರೆದದ್ದು ಆ ಕೊರತೆ ನೀಗಿಸಲೆಂದೇ. ಅದು ಮುಂದೆ ಶಿಕ್ಷಕರ ತರಬೇತಿ ಕಾಲೇಜಾಗಿ ಬೆಳೆದು, 1967ರಲ್ಲಿ ವಿಶ್ವವಿದ್ಯಾಲಯವಾಯಿತು. ಅಂದರೆ ಅಂದು ಆನ್ ಆರ್ಬರ್‌ನ ಸುರಂಗದಿಂದ ಹೊರಬಂದ ಅತಿಥಿಗಳು ಮೂಲತಃ ಒಂದು ಮೇಷ್ಟ್ರ ಕಾಲೇಜಿನ ಹುಡುಗರು!

2000ದ ಜನಗಣತಿಯಂತೆ ಬೂನ್‌ನ ಜನಸಂಖ್ಯೆ 13,472. ಆನ್ ಆರ್ಬರ್‌ನ ಆ ಬಟ್ಟಲಿನಲ್ಲಿ ಅಂದು ಕುಳಿತಿದ್ದವರು 1,09,218 ಜನ. ಎಂಟು ಬೂನ್‌ಗಳು!

ಹಾಗಾದರೆ ಇವರು ಅಲ್ಲಿಗೆ ಹೋದದ್ದೇಕೆ? ಉತ್ತರ ಸರಳವಾಗಿದೆ. ಹಣಕ್ಕೆ. ಅಮೆರಿಕದ ದೊಡ್ಡ ಕಾಲೇಜುಗಳು ಋತುವಿನ ಮೊದಲ ವಾರಗಳಲ್ಲಿ ತಮ್ಮ ಮನೆಯಂಗಳದಲ್ಲೇ ಒಂದೆರಡು ಸುಲಭದ ಪಂದ್ಯ ಆಡಲು ಬಯಸುತ್ತವೆ. ಟಿಕೆಟ್ಟಿನ ಹಣ ಬರುತ್ತದೆ, ಹೊಸ ಹುಡುಗರಿಗೆ ಅಭ್ಯಾಸವಾಗುತ್ತದೆ, ಗೆಲುವಂತೂ ಖಂಡಿತ. ಅದಕ್ಕಾಗಿ ಕೆಳದರ್ಜೆಯ ಒಂದು ಕಾಲೇಜಿಗೆ ಇಂತಿಷ್ಟು ಎಂದು ಮೊತ್ತ ಕೊಟ್ಟು ಕರೆಸುತ್ತವೆ. ಅಪಲಾಚಿಯನ್‌ಗೆ ಅಂದು ಸಿಕ್ಕಿದ್ದು ನಾಲ್ಕು ಲಕ್ಷ ಡಾಲರ್. ಮೇಲ್ದರ್ಜೆಯ ಕಾಲೇಜು 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಾಗಿದ್ದರೆ, ಕೆಳದರ್ಜೆಯ ಕಾಲೇಜಿಗೆ ಇದ್ದ ಮಿತಿ 63. ಸೋಲುವುದಕ್ಕೇ ಕರೆದು, ಸೋಲುವುದಕ್ಕೇ ಸಂಭಾವನೆ ಕೊಡುವ ಏರ್ಪಾಡು ಇದು. ಇದರಲ್ಲಿ ಮುಚ್ಚುಮರೆಯೇನೂ ಇಲ್ಲ. ಆ ಹಣದಿಂದಲೇ ಎಷ್ಟೋ ಸಣ್ಣ ಕಾಲೇಜುಗಳ ಈಜು, ಓಟ, ಕುಸ್ತಿಯ ತಂಡಗಳು ಉಸಿರಾಡುತ್ತವೆ. ಆದರೆ ಮೈದಾನಕ್ಕಿಳಿದು ಏಟು ತಿನ್ನುವ ಹತ್ತೊಂಬತ್ತು ಇಪ್ಪತ್ತರ ಹುಡುಗನಿಗೆ ಆ ನಾಲ್ಕು ಲಕ್ಷದಲ್ಲಿ ಒಂದು ಡಾಲರನ್ನೂ ಕೊಡುವಂತಿರಲಿಲ್ಲ. ಅವನು ವಿದ್ಯಾರ್ಥಿ, ಆಡುವುದು ಹವ್ಯಾಸಕ್ಕೆ ಎಂಬುದು ನಿಯಮ. ತರಬೇತುದಾರರಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ದೂರದರ್ಶನದ ಪಾತ್ರವೂ ದೊಡ್ಡದು. ಒಂದು ಕಾಲಕ್ಕೆ ಕಾಲೇಜು ಪಂದ್ಯಗಳ ಪ್ರಸಾರವನ್ನು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯೇ ಬಿಗಿಯಾಗಿ ಹಿಡಿದಿತ್ತು. ಒಂದು ತಂಡ ಎರಡು ವರ್ಷಗಳಲ್ಲಿ ಆರಕ್ಕಿಂತ ಹೆಚ್ಚು ಬಾರಿ ಪರದೆಯ ಮೇಲೆ ಬರುವಂತಿರಲಿಲ್ಲ. ಮನೆಯಲ್ಲೇ ಆಟ ಕಂಡರೆ ಟಿಕೆಟ್ಟು ಕೊಳ್ಳುವವರು ಯಾರು ಎಂಬ ಭಯ. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಟ್ಟುಪಾಡನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಕಾಲೇಜುಗಳ ಕೂಟಗಳು ಪ್ರಸಾರದ ಹಕ್ಕನ್ನು ತಾವೇ ಮಾರತೊಡಗಿದವು. ಕೊನೆಗೆ, ಮಿಷಿಗನ್ ಸೇರಿರುವ 'ಬಿಗ್ ಟೆನ್' ಕೂಟ ತನ್ನದೇ ಒಂದು ಚಾನೆಲ್ಲನ್ನು ತೆರೆಯಿತು. (ಹೆಸರು ಹತ್ತು, ಆದರೆ 2007ರಲ್ಲಿ ಅದರಲ್ಲಿದ್ದ ಕಾಲೇಜುಗಳು ಹನ್ನೊಂದು, 2024ರಿಂದ ಹದಿನೆಂಟು. ಲೆಕ್ಕದ ಮೇಷ್ಟ್ರುಗಳು ಕ್ಷಮಿಸಬೇಕು.) ಆ ಚಾನೆಲ್ ಶುರುವಾದದ್ದು 2007ರ ಆಗಸ್ಟ್ 30ರಂದು. ಎರಡು ದಿನಗಳ ನಂತರದ ಈ ಪಂದ್ಯ ಅದರ ಮೊಟ್ಟಮೊದಲ ಫುಟ್‌ಬಾಲ್ ನೇರಪ್ರಸಾರಗಳಲ್ಲಿ ಒಂದು. ದೊಡ್ಡ ಕೇಬಲ್ ಕಂಪನಿಗಳೊಂದಿಗೆ ಇನ್ನೂ ಒಪ್ಪಂದವಾಗಿರಲಿಲ್ಲವಾದ್ದರಿಂದ, ಉಪಗ್ರಹದ ಡಿಷ್ ಇದ್ದವರು ದೇಶದ ಯಾವ ಮೂಲೆಯಲ್ಲಾದರೂ ನೋಡಬಹುದಿತ್ತು, ಕೇಬಲ್ಲಿನವರಲ್ಲಿ ಎಷ್ಟೋ ಜನ ಪಕ್ಕದೂರಿನಲ್ಲಿದ್ದರೂ ನೋಡುವಂತಿರಲಿಲ್ಲ.

ಮೂರೂವರೆ ಗಂಟೆ

ಮಿಷಿಗನ್ ಮೊದಲು ಗೆರೆ ದಾಟಿತು. ಎಲ್ಲ ಅಂದುಕೊಂಡಂತೆಯೇ ಇತ್ತು. ಆದರೆ ಕೆಲವೇ ನಿಮಿಷಗಳಲ್ಲಿ ಅಪಲಾಚಿಯನ್‌ನ ಡೆಕ್ಸ್‌ಟರ್ ಜಾಕ್ಸನ್ ಎಂಬ ಹುಡುಗ ಚೆಂಡು ಹಿಡಿದು 68 ಗಜದ ಟಚ್‌ಡೌನ್ ಗಳಿಸಿದ. ಅರ್ಧ ಆಟ ಮುಗಿದಾಗ ಫಲಕದ ಮೇಲೆ ಅತಿಥಿಗಳು 28, ಆತಿಥೇಯರು 17.

ಚೆಂಡೆಸೆಯುತ್ತಿದ್ದವನು ಅರ್ಮಾಂಟಿ ಎಡ್ವರ್ಡ್ಸ್. ದಕ್ಷಿಣ ಕ್ಯಾರೊಲಿನಾದ ಗ್ರೀನ್‌ವುಡ್ ಎಂಬ ಊರಿನ ಸಣಕಲು ಮೈಯ ಹುಡುಗ. ತಂಡವನ್ನು ನಡೆಸುವ ಆ ಸ್ಥಾನಕ್ಕೆ ಈ ಮೈಕಟ್ಟು ಸಾಲದೆಂದು ದೊಡ್ಡ ಕಾಲೇಜುಗಳು ಅವನನ್ನು ಬೇರೆ ಸ್ಥಾನಗಳಿಗೆ ಎಣಿಸಿದ್ದವು. 68 ವರ್ಷದ ತರಬೇತುದಾರ ಜೆರಿ ಮೂರ್ ಆ ಸ್ಥಾನವನ್ನೇ ಅವನಿಗೆ ಕೊಟ್ಟರು.

ಇಲ್ಲಿ ಸ್ವಲ್ಪ ಲೆಕ್ಕಾಚಾರವಿದೆ. ಮೈದಾನದ ಅಗಲ 160 ಅಡಿ, ಸುಮಾರು 49 ಮೀಟರ್. ಎರಡು ಕಡೆಯವರೂ ನಡುವೆ ಗುಂಪುಗೂಡಿ ನೂಕಾಡಿದರೆ ತೂಕವೇ ಗೆಲ್ಲುತ್ತದೆ. ತೂಕದಲ್ಲಿ ಮಿಷಿಗನ್‌ಗೆ ಸಾಟಿಯಿರಲಿಲ್ಲ. ಆದರೆ ಆಡುವವರು ತಮ್ಮ ಹುಡುಗರನ್ನು ಅಗಲಕ್ಕೆ ಹರಡಿ ನಿಲ್ಲಿಸಿದರೆ ತಡೆಯುವವರೂ ಹರಡಲೇಬೇಕು. ಆಗ ಒಬ್ಬೊಬ್ಬರ ನಡುವೆ ತೆರಪು ಬೀಳುತ್ತದೆ. ಭಾರಿ ದೇಹವನ್ನು ನಿಂತಲ್ಲಿಂದ ಹೊರಡಿಸಲೂ, ಹೊರಟದ್ದನ್ನು ನಿಲ್ಲಿಸಿ ತಿರುಗಿಸಲೂ ಹೆಚ್ಚು ಬಲ ಬೇಕು. ಹಗುರವಾದವನು ಅಷ್ಟರಲ್ಲಿ ದಾಟಿ ಹೋಗಿರುತ್ತಾನೆ. ನ್ಯೂಟನ್ನನ ನಿಯಮವನ್ನು ಅಪಲಾಚಿಯನ್ ಹುಡುಗರು ಆ ಮಧ್ಯಾಹ್ನ ಲಕ್ಷ ಜನರ ಮುಂದೆ ಮತ್ತೆ ಮತ್ತೆ ಮಾಡಿ ತೋರಿಸಿದರು. ಎಡ್ವರ್ಡ್ಸ್ ಎಸೆದ 23 ಚೆಂಡುಗಳಲ್ಲಿ 17 ಗುರಿ ಮುಟ್ಟಿದವು.

ಮಿಷಿಗನ್ ಸುಮ್ಮನೆ ಶರಣಾಗಲಿಲ್ಲ ಎಂಬುದನ್ನೂ ಹೇಳಬೇಕು. ಮೈಕ್ ಹಾರ್ಟ್ ಪೆಟ್ಟು ಬಿದ್ದು ಹೊರಗೆ ಕುಳಿತಿದ್ದವನು ಮರಳಿ ಬಂದು ಅಂದು ಒಟ್ಟು 188 ಗಜ ಓಡಿದ. ಆಟ ಮುಗಿಯಲು 4 ನಿಮಿಷ 36 ಸೆಕೆಂಡು ಇರುವಾಗ 54 ಗಜ ಒಂದೇ ಉಸಿರಿಗೆ ಓಡಿ ಗೆರೆ ದಾಟಿದ. 32-31, ಮಿಷಿಗನ್ ಮುಂದೆ. ಉತ್ತರಾರ್ಧದಲ್ಲಿ ಗಳಿಸಿದ ಎರಡು ಟಚ್‌ಡೌನ್‌ಗಳ ನಂತರವೂ ಮಿಷಿಗನ್ 1 ಅಂಕದ ಒದೆತ ಬಿಟ್ಟು 2 ಅಂಕಕ್ಕೆ ಕೈಹಾಕಿತು. ಎರಡು ಸಲವೂ ಸಿಗಲಿಲ್ಲ. ಸುಮ್ಮನೆ ಒದ್ದಿದ್ದರೆ ಇನ್ನೆರಡು ಅಂಕ ಸೇರಿ 34 ಆಗುತ್ತಿತ್ತು. ಆ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಇನ್ನು 1 ನಿಮಿಷ 37 ಸೆಕೆಂಡು ಇದ್ದಾಗ ಮಿಷಿಗನ್‌ನ ಒಂದು ಫೀಲ್ಡ್ ಗೋಲ್ ಯತ್ನವನ್ನು ಬೂನ್‌ನ ಹುಡುಗರು ತಡೆದರು. ಆಟವನ್ನು ನಿಲ್ಲಿಸಿ ಉಸಿರೆಳೆದುಕೊಳ್ಳುವ ವಿರಾಮಗಳೆಲ್ಲ ಅವರಿಗೆ ಮುಗಿದುಹೋಗಿದ್ದವು. ಆದರೂ 71 ಸೆಕೆಂಡುಗಳಲ್ಲಿ 69 ಗಜ ಸಾಗಿದರು. ಜೂಲಿಯನ್ ರಾಚ್ 24 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹಾಯಿತು. 34-32. ಉಳಿದದ್ದು 26 ಸೆಕೆಂಡು.

ಅಷ್ಟರಲ್ಲೂ ಮಿಷಿಗನ್‌ನ ಚಾಡ್ ಹೆನ್ 46 ಗಜ ದೂರ ಎಸೆದ ಚೆಂಡನ್ನು ಮಾರಿಯೋ ಮ್ಯಾನಿಂಗ್‌ಹ್ಯಾಮ್ ಹಿಡಿದುಬಿಟ್ಟ! ಆರು ಸೆಕೆಂಡು ಬಾಕಿ, ಕಂಬಗಳು 37 ಗಜ ದೂರ. ಅನುಭವವಿರುವ ಒದೆತಗಾರನಿಗೆ ಇದು ದೂರವೇನಲ್ಲ. ಆದರೆ ಫೀಲ್ಡ್ ಗೋಲ್‌ನಲ್ಲಿ ಒಂದು ಸೂಕ್ಷ್ಮವಿದೆ. ಚೆಂಡು ಹಿಂದಕ್ಕೆ ಬಂದು, ನೆಲಕ್ಕಿಟ್ಟು, ಒದೆಯುವವರೆಗೆ ಸಿಗುವ ಕಾಲ ಹೆಚ್ಚೆಂದರೆ ಒಂದೂಕಾಲು ಒಂದೂವರೆ ಸೆಕೆಂಡು. ದೂರ ಹೋಗಲೆಂದು ತಗ್ಗಾಗಿ ಒದ್ದರೆ ಎದುರಿಗೆ ಕೈಯೆತ್ತಿ ಹಾರುವವನಿಗೆ ತಗಲುತ್ತದೆ. ಎತ್ತರಕ್ಕೆ ಒದ್ದರೆ ದೂರ ಸಾಲದಾಗಬಹುದು. ಬದಿಯಿಂದ ಒಬ್ಬ ನುಸುಳಿ ಬಂದರೆ ಆ ಲೆಕ್ಕವೆಲ್ಲ ಮುಗಿದಂತೆ. ಹಾಗೆ ಬಂದವನು ಕೋರಿ ಲಿಂಚ್. ಚೆಂಡು ಅವನ ಮೈಗೆ ಬಡಿದು ಕೆಳಗೆ ಬಿತ್ತು. ಅದನ್ನೆತ್ತಿಕೊಂಡು ಅವನು ಓಡತೊಡಗಿದ. ಹಿಂದಿನಿಂದ ಬಂದವರು ಅವನನ್ನು ಕೆಡವುವಷ್ಟರಲ್ಲಿ ಗಡಿಯಾರದಲ್ಲಿ ಸಮಯ ಮುಗಿದಿತ್ತು.

ಕೆಳದರ್ಜೆಯ ತಂಡವೊಂದು ಶ್ರೇಯಾಂಕ ಪಡೆದ ಮೇಲ್ದರ್ಜೆಯ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಸುದ್ದಿಸಂಸ್ಥೆಯ ಆ ಶ್ರೇಯಾಂಕಪಟ್ಟಿಗೆ ಅಲ್ಲಿಯವರೆಗೆ ಕೆಳದರ್ಜೆಯ ಕಾಲೇಜನ್ನು ಪರಿಗಣಿಸುವ ಪದ್ಧತಿಯೇ ಇರಲಿಲ್ಲ. ಅದೇ ವಾರ ನಿಯಮ ಬದಲಾಯಿತು. ಐದನೆಯ ಸ್ಥಾನದಲ್ಲಿದ್ದ ಮಿಷಿಗನ್ 25ರ ಪಟ್ಟಿಯಿಂದಲೇ ಹೊರಬಿತ್ತು. ತರಬೇತುದಾರ ಲಾಯ್ಡ್ ಕಾರ್ ಆ ಋತುವಿನ ಕೊನೆಯಲ್ಲಿ ನಿವೃತ್ತರಾದರು. ಅವರ ಕೊನೆಯ ಪಂದ್ಯದಲ್ಲಿ ಫ್ಲೋರಿಡಾ ತಂಡವನ್ನು ಹುಡುಗರು ಸೋಲಿಸಿ ಕಳುಹಿಸಿಕೊಟ್ಟರೆಂಬುದು ಒಂದು ಸಮಾಧಾನ. ಅಪಲಾಚಿಯನ್ ತನ್ನ ದರ್ಜೆಯ ರಾಷ್ಟ್ರೀಯ ಪ್ರಶಸ್ತಿಯನ್ನು ಸತತ ಮೂರನೆಯ ಬಾರಿ ಗೆದ್ದಿತು.

ಅಂಕಪಟ್ಟಿಯಾಚೆ

ಇಂತಹ ಒಂದು ಮಧ್ಯಾಹ್ನದಿಂದ ಕಾಲೇಜಿಗೆ ಆಗುವುದೇನು? ಅಮೆರಿಕದಲ್ಲಿ ಇದಕ್ಕೊಂದು ಹೆಸರೇ ಇದೆ, 'ಫ್ಲೂಟಿ ಪರಿಣಾಮ'. 1984ರ ನವೆಂಬರ್‌ನಲ್ಲಿ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಎಂಬ ವಿದ್ಯಾರ್ಥಿ ಮಯಾಮಿ ತಂಡದ ವಿರುದ್ಧ ಕೊನೆಯ ಕ್ಷಣದಲ್ಲಿ ಎಸೆದ ಚೆಂಡೊಂದು ಪಂದ್ಯ ಗೆಲ್ಲಿಸಿತು. ದೇಶವೆಲ್ಲ ಅದನ್ನು ದೂರದರ್ಶನದಲ್ಲಿ ನೋಡಿತು. ಆ ಮೇಲೆ ಆ ಕಾಲೇಜಿಗೆ ಅರ್ಜಿಗಳ ಮಳೆ ಸುರಿಯಿತೆಂದು ಪ್ರತೀತಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಡಗ್ ಚಂಗ್ ಎಂಬ ಸಂಶೋಧಕರು 2013ರಲ್ಲಿ ಇದನ್ನು ಅಂಕಿಅಂಶಗಳಿಂದ ಪರೀಕ್ಷಿಸಿದರು. ಸಾಧಾರಣವಾಗಿದ್ದ ಫುಟ್‌ಬಾಲ್ ತಂಡ ಶ್ರೇಷ್ಠ ತಂಡವಾದರೆ ಕಾಲೇಜಿಗೆ ಬರುವ ಅರ್ಜಿಗಳು ಶೇಕಡ 17.7ರಷ್ಟು ಹೆಚ್ಚುತ್ತವೆಂದು ಅವರು ಕಂಡರು. ಪ್ರವೇಶಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದವರು ಆಟದ ಹೆಸರಿಗೆ ಹೆಚ್ಚು ಒಲಿಯುತ್ತಾರೆ, ಹೆಚ್ಚು ಅಂಕದವರು ಪಾಠದ ಗುಣಮಟ್ಟವನ್ನು ಹೆಚ್ಚು ನೋಡುತ್ತಾರೆ ಎಂಬುದೂ ಅದೇ ಅಧ್ಯಯನದಲ್ಲಿದೆ. ಮಕ್ಕಳನ್ನು ದೂರದೇಶದ ಕಾಲೇಜಿಗೆ ಕಳುಹಿಸುವ ಯೋಚನೆಯಲ್ಲಿರುವ ತಂದೆತಾಯಿ ಇದನ್ನು ಗಮನಿಸಬಹುದು. ಪರದೆಯ ಮೇಲೆ ಕಾಣುವುದು ಹನ್ನೊಂದು ಹುಡುಗರ ಓಟ, ಪ್ರಯೋಗಶಾಲೆಯ ಬಾಗಿಲು ಅಲ್ಲಿ ಕಾಣುವುದಿಲ್ಲ. ಆನ್ ಆರ್ಬರ್ ಎರಡರಲ್ಲೂ ಹೆಸರಾದ ಊರು ಎಂಬುದು ಬೇರೆ ಮಾತು.

ಹುಡುಗರ ಪಾಲಿನ ಪ್ರಶ್ನೆಗೆ ಉತ್ತರ ಸಿಗಲು ಬಹುಕಾಲ ಬೇಕಾಯಿತು. ತಮ್ಮ ಹೆಸರು ಮತ್ತು ಚಿತ್ರದಿಂದ ವಿದ್ಯಾರ್ಥಿ ಆಟಗಾರರು ಹಣ ಗಳಿಸಬಹುದೆಂದು 2021ರ ಜುಲೈಯಲ್ಲಿ ಒಪ್ಪಲಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ಒಪ್ಪಂದದಂತೆ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಪಾಲು ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಇದ್ದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಎಡ್ವರ್ಡ್ಸ್‌ಗಾಗಲಿ ಲಿಂಚ್‌ಗಾಗಲಿ ಆ ದಿನದ ಪಾಲು ಬರುವಂತಿರಲಿಲ್ಲ. ಇದು ನ್ಯಾಯವೇ ಎಂದರೆ, ಅಲ್ಲವೆಂದೇ ಹೇಳಬೇಕು. ಆದರೆ ಇಷ್ಟು ಹಣ ಹರಿಯತೊಡಗಿದ ಮೇಲೆ ಅವರನ್ನು ವಿದ್ಯಾರ್ಥಿಗಳೆಂದು ಕರೆಯುವುದು ಇನ್ನೆಷ್ಟು ದಿನ ಎಂಬ ಅನುಮಾನವೂ ಬಾರದಿರದು.

ಅಪಲಾಚಿಯನ್ 2014ರಲ್ಲಿ ಮೇಲ್ದರ್ಜೆಗೆ ಏರಿತು. ಆ ವರ್ಷದ ಆಗಸ್ಟ್ 30ರಂದು, ಮತ್ತೆ ಋತುವಿನ ಮೊದಲ ಪಂದ್ಯಕ್ಕೆ, ಮಿಷಿಗನ್ ಅವರನ್ನೇ ಕರೆಸಿತು. ಈ ಸಲ ಸೋತವರು ಬೆಟ್ಟದವರು, 52-14. 2022ರ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಎಂಬ ದೊಡ್ಡ ತಂಡವನ್ನು ಅದರ ಮನೆಯಲ್ಲೇ 17-14ರಿಂದ ಸೋಲಿಸಿದಾಗ, ರಾಷ್ಟ್ರೀಯ ವಾಹಿನಿಯೊಂದು ತನ್ನ ಶನಿವಾರದ ಕಾರ್ಯಕ್ರಮವನ್ನು ಬೂನ್‌ಗೇ ಹೊತ್ತುಕೊಂಡು ಬಂತು.

2007ರ ಆ ಸಂಜೆ ಬೂನ್‌ಗೆ ಯಾವ ವಾಹಿನಿಯೂ ಬಂದಿರಲಿಲ್ಲ. ಪಂದ್ಯ ನಡೆದದ್ದು ಬೇರೆ ರಾಜ್ಯದಲ್ಲಿ. ಊರಿನ ಕಿಡ್ ಬ್ರೂವರ್ ಕ್ರೀಡಾಂಗಣ ಬೀಗ ಹಾಕಿಕೊಂಡು ಖಾಲಿ ಇರಬೇಕಾದ ದಿನ. ಸುದ್ದಿ ಮುಟ್ಟುತ್ತಲೇ ವಿದ್ಯಾರ್ಥಿಗಳು ಬೀದಿಗಿಳಿದರು. ಅಮೆರಿಕದಲ್ಲಿ ದೊಡ್ಡ ಗೆಲುವಿನ ನಂತರ ಮೈದಾನಕ್ಕೆ ನುಗ್ಗಿ ಗೋಲು ಕಂಬ ಕೀಳುವ ಅಭ್ಯಾಸವಿದೆ. ಗೆದ್ದ ಮೈದಾನ ನೂರಾರು ಕಿಲೋಮೀಟರಿನಾಚೆ ಇದ್ದರೇನು, ತಮ್ಮ ಕಾಲೇಜಿನ ಮೈದಾನದ್ದನ್ನೇ ಕಿತ್ತರು. ಹೆಗಲ ಮೇಲೆ ಹೊತ್ತು, ಊರಿನ ಬೀದಿಯಲ್ಲಿ ಮೆರವಣಿಗೆ ಮಾಡಿ, ಕುಲಪತಿಗಳ ಮನೆಯ ಮುಂದಿನ ಹುಲ್ಲಿನ ಮೇಲೆ ಇಟ್ಟು ಹೋದರು. ಮುಂದಿನ ಶನಿವಾರ ಅದೇ ಮೈದಾನದಲ್ಲಿ ಪಂದ್ಯವಿತ್ತು.